ಚಿಪ್ಪು ಹೆಣಿಗೆಯ ಹೊದಿಕೆ: ಕಾಲನಿರ್ಣಯದ ಒಂದು ಪ್ರಶ್ನೆ

ಒಂದೇ ಕೊಕ್ಕೆಕಡ್ಡಿಯಿಂದ ನೂಲನ್ನು ಕುಣಿಕೆ ಕುಣಿಕೆಯಾಗಿ ಹೆಣೆಯುವ ಕ್ರೋಶೆ ಕಲೆಯು ಅತಿ ಪ್ರಾಚೀನವಾದುದೆಂಬ ನಂಬಿಕೆ ಪ್ರಚಾರದಲ್ಲಿದೆ. ಈಜಿಪ್ಟಿನಲ್ಲಿ ದೊರೆತ ಕ್ರಿ. ಶ. 4–5ನೆಯ ಶತಮಾನದ ಉಣ್ಣೆಯ ಕಾಲುಚೀಲಗಳಂಥ ವಸ್ತುಗಳನ್ನು ಕಂಡವರು ಅವನ್ನು ಕ್ರೋಶೆಯೆಂದು ಭ್ರಮಿಸುವುದುಂಟು. ಆದರೆ ಅವು ಕಣ್ಣುಳ್ಳ ಸೂಜಿಯಿಂದ, ತುಂಡು ನೂಲನ್ನು ಪ್ರತಿ ಕುಣಿಕೆಯಲ್ಲಿಯೂ ಪೂರ್ತಿಯಾಗಿ ತೂರಿಸಿ ಮಾಡಿದವು. ಕ್ರೋಶೆಯಲ್ಲಿ ನೂಲಿನ ತುದಿಯು ಕುಣಿಕೆಯನ್ನು ದಾಟುವುದಿಲ್ಲ; ಆದುದರಿಂದಲೇ ಕೊನೆಯ ಕುಣಿಕೆಯನ್ನು ಸಡಿಲಿಸಿ ಎಳೆದರೆ ದಿನಗಟ್ಟಲೆ ಹೆಣೆದುದು ಮರಳಿ ನೂಲಾಗುವುದು. ಸೂಜಿಯ ಕೆಲಸ ಹಾಗೆ ಬಿಚ್ಚಿಕೊಳ್ಳದು.

ಲಿಖಿತ ಸಾಕ್ಷ್ಯವಾದರೋ ಬಹಳ ಈಚಿನದು. ಸ್ಕಾಟ್ಲೆಂಡಿನ ಎಲಿಜಬೆತ್ ಗ್ರಾಂಟ್ ತನ್ನ ಸ್ಮರಣೆಗಳಲ್ಲಿ 1812ರ ಸಂದರ್ಭದಲ್ಲಿ ‘ಕುರುಬರ ಹೆಣಿಗೆ’ಯ ಉಡುಪನ್ನು ಹೆಸರಿಸಿದ್ದಾಳೆ. ಈ ಉಲ್ಲೇಖವನ್ನು 1812ರದೆಂದೇ ಎಣಿಸುವುದು ಸಾಧುವಲ್ಲ. ಆ ಸ್ಮರಣೆಗಳನ್ನು ಆಕೆ ಬರೆಯತೊಡಗಿದ್ದು 1845ರಲ್ಲಿ, ಅವು ಅಚ್ಚಾದದ್ದು 1898ರಲ್ಲಿ. ಹಾಲೆಂಡಿನ ‘ಪೆನೆಲೋಪೆ’ ಎಂಬ ಪತ್ರಿಕೆ 1823ರಲ್ಲಿ ರೇಷ್ಮೆ ನೂಲಿನ ಕೈಚೀಲಗಳ ವಿಧಾನವನ್ನು ಪ್ರಕಟಿಸಿತು. ಕ್ರೋಶೆ ಎಂಬ ಹೆಸರಿನಿಂದಲೇ ಅಚ್ಚಾದ ವಿಧಾನಗಳಲ್ಲಿ ನಮಗೆ ತಿಳಿದಿರುವಂತೆ ಇದೇ ಮೊದಲನೆಯದು. ಡೆನ್ಮಾರ್ಕಿನ ಲಿಸ್ ಪಾಲುದಾನ್ ತಮ್ಮ 1986ರ ಗ್ರಂಥಕ್ಕಾಗಿ ಯುರೋಪಿನ ಆಧಾರಗಳನ್ನು ಶೋಧಿಸಿದರೂ 1800ಕ್ಕೆ ಹಿಂದಿನ ದೃಢ ಪ್ರಮಾಣವು ದೊರೆಯಲಿಲ್ಲ.

ಈ ಬರಹಗಳಿಗಿಂತ ಹೊದಿಕೆಯ ರಚನೆಯೇ ಹೆಚ್ಚು ಮಾತನಾಡುತ್ತದೆಂದು ನನ್ನ ಅಭಿಪ್ರಾಯ. ಚಿಪ್ಪು ಹೆಣಿಗೆಯಲ್ಲಿ ಒಂದೇ ರಂಧ್ರದೊಳಗೆ ಐದು ಎತ್ತರದ ಹೆಣಿಗೆಗಳನ್ನು ಹಾಕಿ, ಎರಡನ್ನು ಬಿಟ್ಟು, ಒಂದು ಗಿಡ್ಡ ಹೆಣಿಗೆಯಿಂದ ಬಿಗಿದು, ಮತ್ತೆ ಎರಡನ್ನು ಬಿಡುತ್ತಾರೆ. ಆದುದರಿಂದ ಸಾಲಿನ ಗಣನೆ 6ರ ಗುಣಕಕ್ಕೆ 1 ಕೂಡಿಸಿದಷ್ಟಿರಬೇಕು. ಮುಂದಿನ ಸಾಲಿನಲ್ಲಿ ಗಿಡ್ಡ ಹೆಣಿಗೆಯು ಚಿಪ್ಪಿನ ನಡುನೆತ್ತಿಯ ಮೇಲೆ ಕುಳಿತುಕೊಳ್ಳುವುದು, ಹೊಸ ಚಿಪ್ಪು ಹಿಂದಿನ ಗಿಡ್ಡ ಹೆಣಿಗೆಯ ಮೇಲೆ ಅರಳುವುದು, ಅಂಚುಗಳಲ್ಲಿ ಅರ್ಧಚಿಪ್ಪುಗಳು. ಐದು ಹೆಣಿಗೆಗಳು ಬೀಸಣಿಗೆಯಂತೆ ಹರಡಬೇಕಾದರೆ ಅವುಗಳಿಗೆ ಎತ್ತರವಿರಬೇಕು. ಕೊಕ್ಕೆಗೆ ನೂಲನ್ನು ಮೊದಲೇ ಒಮ್ಮೆ ಸುತ್ತಿಕೊಂಡು, ಕುಣಿಕೆಗಳನ್ನು ಎರಡೆರಡಾಗಿ ಬಿಡಿಸುವುದರಿಂದ ಆ ಎತ್ತರ ಬರುತ್ತದೆ. ಕುರುಬರ ಹೆಣಿಗೆಯಲ್ಲಾದರೋ ನೂಲನ್ನು ಸುತ್ತದೆ ನೇರವಾಗಿ ಎಳೆಯುತ್ತಾರೆ. ಬಟ್ಟೆ ದಟ್ಟವೂ ಬೆಚ್ಚಗೂ ಆಗುವುದೇನೋ ನಿಜ, ಆದರೆ ಅದರಲ್ಲಿ ಚಿಪ್ಪು ಅರಳಲಾರದು. ‘ಪೆನೆಲೋಪೆ’ಯ ಕೈಚೀಲಗಳೂ ಸರಪಳಿಯ ಕಮಾನು ಮತ್ತು ಗಿಡ್ಡ ಹೆಣಿಗೆಗಳನ್ನು ದಾಟಿ ಹೋಗಿಲ್ಲ. ಅಜ್ಜಿಯರ ಕಾಲದ ಸಾಮಾನ್ಯ ಹೊದಿಕೆಯೆಂದು ನಾವು ಕಾಣುವ ಈ ಮಾದರಿಯು ಇವೆರಡರ ನಂತರದ ಬೆಳವಣಿಗೆಯೆಂದೇ ಊಹಿಸಬೇಕಾಗಿದೆ.

ಈ ಬೆಳವಣಿಗೆಯ ಕಾಲದಲ್ಲಿಯೇ ಕ್ರೋಶೆಯು ವಿರಾಮದ ವಿನೋದದಿಂದ ಹೊಟ್ಟೆಪಾಡಿಗೆ ಇಳಿಯಿತು. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆ ರೋಗದಿಂದ ನಾಶವಾಗಿ ಕ್ಷಾಮವು ತಲೆದೋರಿದಾಗ, ಕಾರ್ಕ್ ಪ್ರಾಂತದ ಕ್ರೈಸ್ತ ಸಂನ್ಯಾಸಿನಿಯರೂ, ಕ್ಲೋನ್ಸ್ ಪಟ್ಟಣದ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್ ಅವರೂ ಬಡ ಹೆಂಗಸರಿಗೆ ಈ ಕೆಲಸವನ್ನು ಕಲಿಸಿದರು. ಅಲ್ಲಿ ಹೆಣೆದದ್ದು ಉಣ್ಣೆಯ ಹೊದಿಕೆಯನ್ನಲ್ಲ, ಹತ್ತಿನೂಲಿನ ಜಾಲರಿಯನ್ನು. ಸೂಜಿಯ ಜಾಲರಿಗಿಂತ ಇದು ಬೇಗ ಮುಗಿಯುತ್ತಿತ್ತು. ಬೇಕಾದ ಉಪಕರಣವೂ ಒಂದೇ ಒಂದು ಕೊಕ್ಕೆ. ಗುಡಿಸಲಲ್ಲಿ ಹೆಣೆದ ಆ ಜಾಲರಿ ಸಿರಿವಂತರ ಕೊರಳಪಟ್ಟಿಯಾಗಿ ಮಾರಾಟವಾಯಿತು, ಅದರ ಹಣ ಹಸಿದ ಮನೆಗಳಿಗೆ ಕಾಳಾಗಿ ಬಂದಿತು.