ಕೋಣೆಯೂ ಹಾಡುತ್ತದೆ

ಹಾಡನ್ನು ಹಿಡಿದಿಡುವ ಯಂತ್ರವಿಲ್ಲದ ಮನೆ ನಮ್ಮ ಪಟ್ಟಣಗಳಲ್ಲಿ ಈಗ ಇಲ್ಲವೆಂದೇ ಹೇಳಬಹುದು. ಮಗಳು ಹೊಸದೊಂದು ವರ್ಣ ಕಲಿತಳೆಂದರೆ, ಅಜ್ಜಿಗೆ ಹಳೆಯ ಆರತಿಯ ಹಾಡು ನೆನಪಾಯಿತೆಂದರೆ, ಯಾರಾದರೊಬ್ಬರು ಮೊಬೈಲನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತುತ್ತಾರೆ. ಹಾಡು ಮುಗಿದ ಮೇಲೆ ಎಲ್ಲರೂ ಕುತೂಹಲದಿಂದ ಕಿವಿಗೊಡುತ್ತಾರೆ. ಆಗ ಕೇಳಿಬರುವುದು ಎದುರಿಗೆ ಕುಳಿತವರ ಕಂಠವಲ್ಲ. ಬಾವಿಯ ತಳದಿಂದ ಬಂದಂಥ ಮಂಕು ದನಿ. ಯಂತ್ರ ಒಳ್ಳೆಯದಲ್ಲವೆಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಹೆಚ್ಚು ಬೆಲೆಯ ಮೈಕ್ರೊಫೋನಿನ ಮಾತು ಮೊದಲಾಗುತ್ತದೆ.

ಧ್ವನಿಮುದ್ರಣದ ಚರಿತ್ರೆಯನ್ನು ನೋಡಿದರೆ ಈ ತೀರ್ಪನ್ನು ಒಪ್ಪುವುದು ಕಷ್ಟ. ಸುಮಾರು ಒಂದೂವರೆ ಶತಮಾನದ ಈ ವಿದ್ಯೆಯಲ್ಲಿ ಯಂತ್ರಗಳು ಮತ್ತೆ ಮತ್ತೆ ಬದಲಾಗಿವೆ. ಬದಲಾಗದೆ ಉಳಿದ ಪ್ರಶ್ನೆಗಳು ಎರಡು: ಹಾಡುವವರು ಎಷ್ಟು ದೂರದಲ್ಲಿದ್ದಾರೆ? ಎಂಥ ಕೋಣೆಯಲ್ಲಿದ್ದಾರೆ?

೧೮೭೭ರಲ್ಲಿ ಎಡಿಸನ್ ಫೋನೋಗ್ರಾಫನ್ನು ರಚಿಸಿದ ಮೇಲೆ ಅರ್ಧ ಶತಮಾನದಷ್ಟು ಕಾಲ ಮುದ್ರಣಕ್ಕೆ ವಿದ್ಯುತ್ತಿನ ನೆರವು ಒದಗಲಿಲ್ಲ. ಒಂದು ದೊಡ್ಡ ತುತ್ತೂರಿ, ಅದರ ಕೊನೆಯಲ್ಲೊಂದು ತೆಳ್ಳನೆಯ ಪೊರೆ, ಪೊರೆಗೆ ಅಂಟಿಕೊಂಡ ಸೂಜಿ, ಸೂಜಿಯ ಕೆಳಗೆ ತಿರುಗುವ ಮೇಣ: ಸಲಕರಣೆಯೆಲ್ಲ ಇಷ್ಟೇ. ಸೂಜಿಯನ್ನು ಅಲುಗಿಸುವ ಶಕ್ತಿ ಹಾಡುವವರ ಕಂಠದಿಂದಲೇ ಬರಬೇಕು. ಆದುದರಿಂದ ತುತ್ತೂರಿಯ ಬಾಯಿಗೆ ಮುಖವಿಟ್ಟಂತೆ ನಿಂತು ಹಾಡಬೇಕು. ದನಿ ತಾರಕ್ಕೇರಿದಾಗ ಹಿಂದೆ ಸರಿಯಬೇಕು, ತಗ್ಗಿದಾಗ ಮುಂದೆ ಬಾಗಬೇಕು. ಪಿಟೀಲಿನ ನಾದ ಸಾಲದೆ ಹೋದುದರಿಂದ ಸ್ಟ್ರೋ ಎಂಬಾತ ಅದರ ಮರದ ಒಡಲನ್ನೇ ಬಿಟ್ಟುಕೊಟ್ಟು ಲೋಹದ ತುತ್ತೂರಿಯೊಂದನ್ನು ಜೋಡಿಸಿದ.

೧೯೦೨ರ ನವೆಂಬರಿನಲ್ಲಿ ಲಂಡನಿನ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ಇಂಥದೇ ತುತ್ತೂರಿಯನ್ನು ಹೂಡಿ ಗೌಹರ್ ಜಾನಳ ಸಂಗೀತವನ್ನು ಮುದ್ರಿಸಿಕೊಂಡ. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಆಕೆ ಮೂರು ನಿಮಿಷಕ್ಕೆ ಅಡಕಮಾಡಿ ಹಾಡಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದಳು. ತಟ್ಟೆಗಳು ಅಚ್ಚಾಗಬೇಕಾದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಈ ಏರ್ಪಾಡು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿದ ಆಕೆ ೧೯೩೦ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ದನಿ ಮಾತ್ರ ಇಂದಿಗೂ ಇದೆ. ಗೀರುಗಳ ಕರಕರ ಸದ್ದಿನ ನಡುವೆಯೂ ಆಕೆ ನಮ್ಮ ಬಳಿ ನಿಂತು ಹಾಡಿದಂತೆ ತೋರುವುದಕ್ಕೆ ಒಂದು ಕಾರಣ ತೀರ ಸರಳವಾದದ್ದು: ಆಕೆ ತುತ್ತೂರಿಯ ಬಳಿ ನಿಂತಿದ್ದಳು.

ದೂರದ ಮಾತು ಹೀಗೆ ಅನುಭವದಿಂದ ತಿಳಿಯಿತು. ಕೋಣೆಯ ಗುಟ್ಟನ್ನು ಬಿಡಿಸಿದವನು ಮುದ್ರಣಕಾರನಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ವಾಲೇಸ್ ಸೇಬೈನ್ ಎಂಬ ತರುಣ ಅಧ್ಯಾಪಕ. ಅಲ್ಲಿ ಹೊಸದಾಗಿ ಕಟ್ಟಿದ್ದ ಉಪನ್ಯಾಸ ಮಂದಿರವೊಂದರಲ್ಲಿ ಒಂದು ಸದ್ದು ಹುಟ್ಟಿ ಅಡಗುವುದಕ್ಕೆ ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ಉಪನ್ಯಾಸಕರ ಒಂದು ಮಾತಿನ ಮೇಲೆ ಇನ್ನೊಂದು ಬಿದ್ದು ಎಲ್ಲವೂ ಕಲಸಿಹೋಗುತ್ತಿತ್ತು. ಅಧ್ಯಾಪಕ ವೃತ್ತಿಯವರಿಗೆ ಇದಕ್ಕಿಂತ ದೊಡ್ಡ ಸಂಕಟವುಂಟೆ? ೧೮೯೫ರಲ್ಲಿ ಸೇಬೈನ್ ಈ ರೋಗಕ್ಕೆ ಮದ್ದು ಹುಡುಕಲು ಹೊರಟ. ಸಮೀಪದ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊರಿಸಿ ತಂದು ಹಾಸಿ, ಆರ್ಗನ್ನಿನ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ಕಾಲವನ್ನು ಅಳೆಯುತ್ತ ಕುಳಿತ. ಮೆತ್ತೆಗಳು ಹೆಚ್ಚಿದಂತೆಲ್ಲ ಅನುರಣನ ಕುಗ್ಗಿತು. ಇಂಥ ಪ್ರಯೋಗಗಳಿಂದ ಆತ ಕಂಡುಕೊಂಡ ಸೂತ್ರದ ಬಲದಿಂದಲೇ ಬಾಸ್ಟನ್ನಿನ ಸಿಂಫನಿ ಹಾಲ್ ೧೯೦೦ರಲ್ಲಿ ಎದ್ದು ನಿಂತಿತು. ಗೋಡೆ ಸುಮ್ಮನಿರುವ ವಸ್ತುವಲ್ಲ, ಅದೂ ದನಿಗೂಡಿಸುತ್ತದೆ. ಮೆತ್ತೆಯಿಟ್ಟರೆ ಬಾಯಿ ಮುಚ್ಚುತ್ತದೆ. ಸೇಬೈನನ ಪಾಠದ ತಿರುಳು ಇದು.

೧೯೨೫ರಲ್ಲಿ ತುತ್ತೂರಿಯ ಜಾಗಕ್ಕೆ ವಿದ್ಯುತ್ ಮೈಕ್ರೊಫೋನು ಬಂದಿತು. ಹಾಡುವವರು ಹಿಂದೆ ಸರಿದು ನಿರಾಳವಾಗಿ ನಿಲ್ಲುವಂತಾಯಿತು. ಆದರೆ ಸರಿದಷ್ಟೂ ಕೋಣೆ ನಡುವೆ ಬಾಯಿ ಹಾಕತೊಡಗಿತು. ಕೋಣೆಯನ್ನು ಪಳಗಿಸಿದ ಸ್ಟುಡಿಯೋ ಕಂಪನಿಗಳಿಗೆ ಎಟುಕುವ ಸೌಕರ್ಯ, ಮನೆಯವರಿಗಲ್ಲ. ೧೯೩೫ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಟೇಪಿನ ಯಂತ್ರವು ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕವನ್ನು ಸೇರಿತು. ಅಲ್ಲಿ ಲೆಸ್ ಪಾಲ್ ಎಂಬ ಗಿಟಾರ್ ವಾದಕ ತನ್ನ ಮನೆಯಲ್ಲೇ ಪತ್ನಿ ಮೇರಿ ಫೋರ್ಡಳ ಕಂಠವನ್ನು ಪದರದ ಮೇಲೆ ಪದರವಾಗಿ ಮುದ್ರಿಸಿದ ಹಾಡೊಂದು ೧೯೫೧ರಲ್ಲಿ ಆ ದೇಶದ ಜನಪ್ರಿಯ ಗೀತೆಗಳ ಪಟ್ಟಿಯ ತುದಿಗೇರಿತು. ಗಾಯಕಿಯನ್ನು ಮೈಕ್ರೊಫೋನಿನಿಂದ ದೂರ ನಿಲ್ಲಿಸುವುದು ಸ್ಟುಡಿಯೋಗಳ ಸಂಪ್ರದಾಯ. ಆತ ಕೆಲವೇ ಅಂಗುಲಗಳಷ್ಟು ಸಮೀಪಕ್ಕೆ ಕರೆತಂದ. ತುತ್ತೂರಿಯ ಕಾಲದ ವಿವೇಕ ಹೊಸ ಯಂತ್ರಕ್ಕೆ ಹಿಂತಿರುಗಿತು.

೧೯೭೯ರಲ್ಲಿ ಟಾಸ್ಕಾಮ್ ಕಂಪನಿ ಸಾಧಾರಣ ಕ್ಯಾಸೆಟ್ಟಿನಲ್ಲಿಯೇ ನಾಲ್ಕು ಪಥಗಳನ್ನು ಮುದ್ರಿಸುವ ಪುಟ್ಟ ಯಂತ್ರವನ್ನು ಮಾರಾಟಕ್ಕೆ ತಂದಿತು. ೧೯೮೨ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಗಾಯಕ ನ್ಯೂಜೆರ್ಸಿಯ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ, ಎರಡು ಸಾಮಾನ್ಯ ಮೈಕ್ರೊಫೋನುಗಳನ್ನಿಟ್ಟುಕೊಂಡು, ತನ್ನ ವಾದ್ಯವೃಂದಕ್ಕೆ ಕೇಳಿಸುವುದಕ್ಕೆಂದು ಕೆಲವು ಹಾಡುಗಳ ಕರಡನ್ನು ಈ ಯಂತ್ರದಲ್ಲಿ ಮುದ್ರಿಸಿದ. ಅನಂತರ ಸ್ಟುಡಿಯೋದಲ್ಲಿ ಎಷ್ಟು ಹೆಣಗಿದರೂ ಕರಡಿನ ಜೀವ ಬರಲಿಲ್ಲ. ಕೊನೆಗೆ ಕರಡೇ 'ನೆಬ್ರಾಸ್ಕ' ಎಂಬ ಹೆಸರಿನಿಂದ ಅದೇ ವರ್ಷ ಪ್ರಕಟವಾಯಿತು.

ಈ ಚರಿತ್ರೆಯಿಂದ ನಮ್ಮ ಮನೆಗಳಿಗೆ ಏನು ಪ್ರಯೋಜನ? ಗಾರೆಯ ನೆಲ, ನುಣ್ಣನೆಯ ಗೋಡೆ, ಗಾಜಿನ ಕಿಟಕಿಗಳ ನಮ್ಮ ನಡುಮನೆ ಸೇಬೈನನ ಉಪನ್ಯಾಸ ಮಂದಿರದ ತಮ್ಮನೇ ಸರಿ. ನಮಗಿರುವ ಎರಡು ಕಿವಿಗಳೂ ಅವುಗಳ ಹಿಂದಿರುವ ಬುದ್ಧಿಯೂ ಕೂಡಿ ಬೇಕಾದದ್ದನ್ನು ಆರಿಸಿಕೊಂಡು ಉಳಿದದ್ದನ್ನು ಮರೆಸುತ್ತವೆ. ಯಂತ್ರಕ್ಕೆ ಆ ಮರೆವಿಲ್ಲ. ದೂರ ಇಮ್ಮಡಿಯಾದರೆ ನೇರವಾಗಿ ಬರುವ ದನಿಯ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಗೋಡೆಗಳಿಂದ ಮರಳುವ ಅನುರಣನ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಬಾವಿಯ ದನಿಯ ರಹಸ್ಯ ಇಲ್ಲಿದೆ.

ಆದುದರಿಂದ ಮೊದಲು ಯಂತ್ರವನ್ನು ಬಾಯಿಂದ ಒಂದು ಗೇಣಿನಷ್ಟು ದೂರಕ್ಕೆ ತರಬೇಕು. ನೇರ ಎದುರಿಗಲ್ಲ, ತುಸು ಪಕ್ಕಕ್ಕೆ. ಪ, ಫ, ಬ, ಭ ಮುಂತಾದ ಓಷ್ಠ್ಯಾಕ್ಷರಗಳು ಹೊಮ್ಮಿಸುವ ಗಾಳಿ ಮೈಕ್ರೊಫೋನಿಗೆ ಬಡಿದರೆ ಗುದ್ದಿದಂತೆ ಕೇಳುತ್ತದೆ. ಬರಿಯ ನಡುಮನೆಯನ್ನು ಬಿಟ್ಟು ಹಾಸಿಗೆ, ಬಟ್ಟೆಬರೆಗಳಿರುವ ಕೋಣೆಯನ್ನು ಆರಿಸಿಕೊಳ್ಳಬೇಕು. ಒಮ್ಮೆ ಚಪ್ಪಾಳೆ ತಟ್ಟಿ ನೋಡಿದರೆ ಕೋಣೆಯ ಗುಣ ತಿಳಿಯುತ್ತದೆ. ಹಾಡುವವರ ಹಿಂದೆ ದಪ್ಪ ರಜಾಯಿಯೊಂದನ್ನು ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿ, ಫ್ಯಾನು ನಿಲ್ಲಿಸಿದರೆ ಅರ್ಧ ಕೆಲಸವಾದಂತೆ.

ದನಿಯ ಮಟ್ಟ ತೋರಿಸುವ ಗೆರೆ ಎಂದೂ ತುದಿ ಮುಟ್ಟಬಾರದು. ಸ್ವಲ್ಪ ಮಿತಿಮೀರಿದರೆ ಟೇಪು ಸಹಿಸಿಕೊಳ್ಳುತ್ತಿತ್ತು. ನಾದವನ್ನು ಅಂಕಿಗಳಲ್ಲಿ ಬರೆದಿಡುವ ಇಂದಿನ ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಮೇರೆ ಮೀರಿದ ಅಲೆಯ ತಲೆಯನ್ನು ಅದು ಕತ್ತರಿಸುತ್ತದೆ. ಗದ್ದಲವನ್ನು ತಾನಾಗಿ ತೆಗೆಯುವ ಏರ್ಪಾಡು ಮೊಬೈಲಿನಲ್ಲಿದ್ದರೆ ಅದನ್ನೂ ನಿಲ್ಲಿಸುವುದು ಲೇಸು. ಮಾತಿಗಾಗಿ ಹುಟ್ಟಿದ ಆ ಜಾಣತನ, ಒಂದೇ ಸಮನೆ ಮೊಳಗುವ ತಂಬೂರಿಯ ಶ್ರುತಿಯನ್ನೂ ಗದ್ದಲವೆಂದೇ ಭಾವಿಸಿ ಅಳಿಸಿಬಿಡಬಹುದು.

ಮನೆಯ ಹಾಡಿಗೆ ಇಷ್ಟು ಶ್ರಮವೇಕೆಂದು ಕೇಳುವವರಿದ್ದಾರೆ. ಕಂಪನಿಗಳ ತುತ್ತೂರಿಯ ಮುಂದೆ ನಿಂತವರು ಬಹುಮಟ್ಟಿಗೆ ಹೆಸರಾಂತ ಕಲಾವಿದರು. ಮದುವೆಮನೆಯಲ್ಲಿ ಹಸೆಗೆ ಕರೆದವರನ್ನು, ಬೀಸುಕಲ್ಲಿನ ಮುಂದೆ ಹಾಡಿದವರನ್ನು ಹುಡುಕಿಕೊಂಡು ಹೋದವರು ಎಷ್ಟು ಮಂದಿ? ಜಾನಪದ ಸಂಗ್ರಾಹಕರ ಪುಣ್ಯದಿಂದ ಅವರ ಪದಗಳು ಪುಸ್ತಕಗಳಲ್ಲಿ ಉಳಿದಿವೆ, ತರಗತಿಯಲ್ಲಿ ಅವನ್ನು ಪಾಠ ಹೇಳುತ್ತೇವೆ. ಆದರೆ ಆ ಪದವನ್ನು ಎಲ್ಲಿ ಎಳೆದರು, ಎಲ್ಲಿ ಉಸಿರು ನಿಲ್ಲಿಸಿದರು, ಯಾವ ಮಟ್ಟಿನಲ್ಲಿ ಹಾಡಿದರು ಎಂದು ವಿದ್ಯಾರ್ಥಿ ಕೇಳಿದರೆ ಅಚ್ಚಿನ ಅಕ್ಷರ ಮೂಕವಾಗುತ್ತದೆ. ಆ ಹಾಡು ಬಲ್ಲ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರಿಂದ ಎರಡನೆಯ ಸಲ ಹಾಡಿಸುವ ಅವಕಾಶ ಸಿಕ್ಕೀತೆಂಬ ಭರವಸೆಯಿಲ್ಲ.

ಕೊನೆಯದಾಗಿ, ಹಾಡು ಮುಗಿದೊಡನೆ ಯಂತ್ರವನ್ನು ನಿಲ್ಲಿಸಬಾರದು. ಹಾಡಿದವರಿಂದಲೇ ಅವರ ಹೆಸರು, ಊರು, ವರ್ಷ ಇಷ್ಟನ್ನೂ ಹೇಳಿಸಬೇಕು. ಮುಂದೆ ಅದನ್ನು ಕೇಳುವವರು ಹ್ಯಾನೋವರಿಗಿಂತ ಎಷ್ಟೋ ದೂರದಲ್ಲಿರುತ್ತಾರೆ.