ವರ್ಜೀನಿಯಾದಲ್ಲಿ ಕಾನ್ಫೆಡರೇಟ್ ಫಿರಂಗಿದಳದ ಸಂಘಟನೆ ಮತ್ತು ಪೂರೈಕೆ

ಅಮೆರಿಕದ ಅಂತರ್ಯುದ್ಧದ (1861–1865) ಕಾಲದಲ್ಲಿ ಕಾನ್ಫೆಡರಸಿಗೆ ಸೇರಿದ್ದ ವರ್ಜೀನಿಯಾ ರಾಜ್ಯದಲ್ಲಿ ಫಿರಂಗಿ ತುಕಡಿಗಳನ್ನು ಕಟ್ಟಿದ, ಅವುಗಳಿಗೆ ಫಿರಂಗಿ, ಮದ್ದುಗುಂಡು, ಗಾಡಿ ಹಾಗೂ ಕುದುರೆಗಳನ್ನು ಒದಗಿಸಿದ ವ್ಯವಸ್ಥೆಯನ್ನು ಈ ಲೇಖನ ವಿವರಿಸುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ದೊಡ್ಡ ಫಿರಂಗಿಗಳನ್ನು ಎರಕ ಹೊಯ್ಯುವ ಸಾಮರ್ಥ್ಯವಿದ್ದ ಪ್ರಮುಖ ಕಾರ್ಖಾನೆಯು ವರ್ಜೀನಿಯಾದ ರಾಜಧಾನಿ ರಿಚ್‌ಮಂಡ್‌ನಲ್ಲಿದ್ದುದರಿಂದ, ಈ ರಾಜ್ಯವು ಇಡೀ ಕಾನ್ಫೆಡರಸಿಯ ಶಸ್ತ್ರ ಪೂರೈಕೆಯ ಕೇಂದ್ರವಾಯಿತು. ಆದರೆ ಯುದ್ಧವು ಮುಂದುವರಿದಂತೆ ಫಿರಂಗಿದಳದ ಬಲವನ್ನು ನಿರ್ಧರಿಸಿದ್ದು ಫಿರಂಗಿಗಳ ಸಂಖ್ಯೆಯಲ್ಲ. ತಾಮ್ರ, ಫ್ಯೂಸು, ಕುದುರೆ ಮತ್ತು ಮೇವುಗಳ ಲಭ್ಯತೆ.

ಹಿನ್ನೆಲೆ

ವರ್ಜೀನಿಯಾದ ಪ್ರತಿನಿಧಿಗಳ ಸಮಾವೇಶವು 1861ರ ಏಪ್ರಿಲ್ 17ರಂದು ಒಕ್ಕೂಟದಿಂದ ಬೇರ್ಪಡುವ ನಿರ್ಣಯವನ್ನು ಅಂಗೀಕರಿಸಿತು. ಅದಾದ ಕೆಲವೇ ದಿನಗಳಲ್ಲಿ ನಾರ್ಫೋಕ್ ಸಮೀಪದ ಗಾಸ್ಪೋರ್ಟ್ ನೌಕಾಂಗಣವನ್ನು ಯೂನಿಯನ್ ಪಡೆಗಳು ಬೆಂಕಿಯಿಟ್ಟು ತೊರೆದವು. ಅಲ್ಲಿ ಉಳಿದುಹೋದ ಸಾವಿರಕ್ಕೂ ಹೆಚ್ಚು ಭಾರಿ ಫಿರಂಗಿಗಳು ವರ್ಜೀನಿಯಾದ ವಶವಾದವು. ಇವುಗಳಲ್ಲಿ ಹೆಚ್ಚಿನವು ಹಡಗು ಮತ್ತು ಕೋಟೆಗಳಿಗೆ ಮೀಸಲಾದ ಫಿರಂಗಿಗಳಾಗಿದ್ದು, ನದೀತೀರ ಹಾಗೂ ಕರಾವಳಿಯ ರಕ್ಷಣೆಗೆ ದಕ್ಷಿಣದ ನಾನಾ ರಾಜ್ಯಗಳಿಗೆ ಹಂಚಲ್ಪಟ್ಟವು. ಸೇನೆಯೊಂದಿಗೆ ಸಾಗಬಲ್ಲ ಹಗುರ ರಣಭೂಮಿ ಫಿರಂಗಿಗಳ ಕೊರತೆ ಹಾಗೆಯೇ ಉಳಿಯಿತು.

ಆರಂಭದಲ್ಲಿ ರಾಜ್ಯದ ಶಸ್ತ್ರಾಸ್ತ್ರ ವಿಭಾಗವನ್ನು ಕರ್ನಲ್ ಚಾರ್ಲ್ಸ್ ಡಿಮ್ಮಾಕ್ ನೋಡಿಕೊಳ್ಳುತ್ತಿದ್ದನು. 1861ರ ಜೂನ್ ತಿಂಗಳಲ್ಲಿ ರಾಜ್ಯದ ಪಡೆಗಳನ್ನು ಕಾನ್ಫೆಡರೇಟ್ ಸರ್ಕಾರಕ್ಕೆ ಹಸ್ತಾಂತರಿಸಿದ ಮೇಲೆ ಪೂರೈಕೆಯ ಹೊಣೆಯು ಜೊಸಾಯಾ ಗಾರ್ಗಾಸ್ ಮುಖ್ಯಸ್ಥನಾಗಿದ್ದ ಕೇಂದ್ರ ಶಸ್ತ್ರಾಸ್ತ್ರ ಇಲಾಖೆಗೆ ಸೇರಿತು. ಗಾರ್ಗಾಸ್‌ನು ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಉತ್ತರದವನಾಗಿದ್ದು, ಅಲಬಾಮಾದ ಮನೆತನವೊಂದರ ಅಳಿಯನಾಗಿದ್ದನು.

ತುಕಡಿಗಳ ರಚನೆ

ಫಿರಂಗಿದಳದ ಮೂಲ ಘಟಕವನ್ನು ‘ಬ್ಯಾಟರಿ’ ಎಂದು ಕರೆಯಲಾಗುತ್ತಿತ್ತು. ಯೂನಿಯನ್ ಸೇನೆಯ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಆರು ಫಿರಂಗಿಗಳಿದ್ದರೆ, ಕಾನ್ಫೆಡರೇಟ್ ಬ್ಯಾಟರಿಯಲ್ಲಿ ನಾಲ್ಕು ಮಾತ್ರ ಇರುತ್ತಿದ್ದವು. ಬ್ಯಾಟರಿಗೆ ಕ್ಯಾಪ್ಟನ್ ಮುಖ್ಯಸ್ಥನು. ಮೊದಲ ವರ್ಷಗಳಲ್ಲಿ ಈ ತುಕಡಿಗಳು ಊರಿನ ಸ್ವಯಂಸೇವಕರಿಂದ ಕೂಡಿದ್ದವು. ಅವರು ತಮ್ಮ ಅಧಿಕಾರಿಗಳನ್ನು ತಾವೇ ಚುನಾಯಿಸಿಕೊಳ್ಳುತ್ತಿದ್ದರು.

ಪ್ರಸಿದ್ಧ ತುಕಡಿಗಳಲ್ಲಿ ಕೆಲವು:

• ರಿಚ್‌ಮಂಡ್ ಹೊವಿಟ್ಜರ್ಸ್: 1859ರಲ್ಲಿ ಜಾರ್ಜ್ ವೈಥ್ ರ‍್ಯಾಂಡಾಲ್ಫ್ ಸ್ಥಾಪಿಸಿದ ತುಕಡಿ. ಈತನು ಥಾಮಸ್ ಜೆಫರ್ಸನ್‌ನ ಮೊಮ್ಮಗನು. 1862ರಲ್ಲಿ ಕಾನ್ಫೆಡರಸಿಯ ಯುದ್ಧ ಕಾರ್ಯದರ್ಶಿಯಾದನು.

• ರಾಕ್‌ಬ್ರಿಜ್ ಆರ್ಟಿಲರಿ: ಲೆಕ್ಸಿಂಗ್ಟನ್ ಊರಿನ ತುಕಡಿ. ಅಲ್ಲಿನ ಚರ್ಚಿನ ಪಾದ್ರಿಯೂ ವೆಸ್ಟ್ ಪಾಯಿಂಟ್ ಪದವೀಧರನೂ ಆಗಿದ್ದ ವಿಲಿಯಂ ನೆಲ್ಸನ್ ಪೆಂಡಲ್‌ಟನ್ ಇದರ ಕ್ಯಾಪ್ಟನ್. ವರ್ಜೀನಿಯಾ ಮಿಲಿಟರಿ ಇನ್‌ಸ್ಟಿಟ್ಯೂಟ್‌ನ ವಿದ್ಯಾರ್ಥಿಗಳು ಅಭ್ಯಾಸಕ್ಕೆ ಬಳಸುತ್ತಿದ್ದ ನಾಲ್ಕು ಸಣ್ಣ ಫಿರಂಗಿಗಳು ಈ ತುಕಡಿಗೆ ದೊರೆತವು. ಸುವಾರ್ತೆಗಳ ಕರ್ತೃಗಳ ನೆನಪಿನಲ್ಲಿ ಅವಕ್ಕೆ ಮ್ಯಾಥ್ಯೂ, ಮಾರ್ಕ್, ಲೂಕ್ ಮತ್ತು ಜಾನ್ ಎಂಬ ಹೆಸರುಗಳಿದ್ದವು.

• ಪರ್ಸೆಲ್ ಆರ್ಟಿಲರಿ: ರಿಚ್‌ಮಂಡ್‌ನ ವರ್ತಕ ಜಾನ್ ಪರ್ಸೆಲ್ ಸಜ್ಜುಗೊಳಿಸಿದ್ದರಿಂದ ಅವನ ಹೆಸರನ್ನೇ ಹೊತ್ತ ತುಕಡಿ. ರೂಬೆನ್ ಲಿಂಡ್ಸೆ ವಾಕರ್ ಇದರ ಮೊದಲ ಕ್ಯಾಪ್ಟನ್. ಬಳಿಕ ವಿಲಿಯಂ ಪೆಗ್ರಂ ಅದನ್ನು ಮುನ್ನಡೆಸಿದನು.

ಹೀಗೆ ಊರಿಗೊಂದು ಬ್ಯಾಟರಿ ಹುಟ್ಟಿದುದರಿಂದ ಉತ್ಸಾಹವೇನೋ ಬೆಳೆಯಿತು. ಜೊತೆಗೇ ತೊಡಕೂ ಬೆಳೆಯಿತು. ಒಂದೇ ಬ್ಯಾಟರಿಯಲ್ಲಿ ಎರಡು ಮೂರು ಬಗೆಯ ಫಿರಂಗಿಗಳಿರುವುದು ಸಾಮಾನ್ಯವಾಗಿತ್ತು. ಪ್ರತಿಯೊಂದು ಬಗೆಗೂ ಬೇರೆ ಬೇರೆ ಗಾತ್ರದ ಗುಂಡುಗಳನ್ನು ಒದಗಿಸಬೇಕಾಗಿತ್ತು. ತಪ್ಪು ಗಾತ್ರದ ಪೆಟ್ಟಿಗೆ ಬಂದರೆ ಆ ಫಿರಂಗಿ ಇದ್ದೂ ಇಲ್ಲದಂತೆ.

ಬ್ರಿಗೇಡಿನಿಂದ ಬೆಟಾಲಿಯನ್‌ಗೆ

ಮೊದಲ ವರ್ಷದಲ್ಲಿ ಒಂದೊಂದು ಬ್ಯಾಟರಿಯನ್ನು ಒಂದೊಂದು ಕಾಲಾಳು ಬ್ರಿಗೇಡಿಗೆ ಜೋಡಿಸಲಾಗಿತ್ತು. ಉಳಿದವು ಪೆಂಡಲ್‌ಟನ್‌ನ ಅಧೀನದಲ್ಲಿ ಮೀಸಲು ಪಡೆಯಾಗಿದ್ದವು. 1862ರ ಜುಲೈ 1ರಂದು ನಡೆದ ಮಾಲ್ವರ್ನ್ ಹಿಲ್ ಕದನದಲ್ಲಿ ಈ ಪದ್ಧತಿಯ ದೋಷ ಬಯಲಾಯಿತು. ಕಾನ್ಫೆಡರೇಟ್ ಬ್ಯಾಟರಿಗಳು ಒಂದೊಂದಾಗಿ ಮುಂದೆ ಬಂದು, ಗುಡ್ಡದ ಮೇಲೆ ಸಾಲುಗಟ್ಟಿ ನಿಂತಿದ್ದ ಯೂನಿಯನ್ ಫಿರಂಗಿಗಳ ಹೊಡೆತಕ್ಕೆ ಒಂದೊಂದಾಗಿಯೇ ನಾಶವಾದವು. ಮೀಸಲು ಪಡೆಯ ಬಹುಪಾಲು ರಣರಂಗವನ್ನೇ ತಲುಪಲಿಲ್ಲ.

ಆ ವರ್ಷದ ಶರತ್ಕಾಲದಲ್ಲಿ ಸೊರಗಿದ ಹಲವು ಬ್ಯಾಟರಿಗಳನ್ನು ವಿಸರ್ಜಿಸಿ, ಅವುಗಳ ಸೈನಿಕರನ್ನೂ ಕುದುರೆಗಳನ್ನೂ ಬೇರೆ ಬ್ಯಾಟರಿಗಳಿಗೆ ಹಂಚಲಾಯಿತು. 1863ರ ಫೆಬ್ರವರಿಯಲ್ಲಿ ರಾಬರ್ಟ್ ಇ. ಲೀಯ ಉತ್ತರ ವರ್ಜೀನಿಯಾ ಸೇನೆಯು ಬೆಟಾಲಿಯನ್ ಪದ್ಧತಿಯನ್ನು ವಿಧ್ಯುಕ್ತವಾಗಿ ಅಳವಡಿಸಿಕೊಂಡಿತು. ಸಾಮಾನ್ಯವಾಗಿ ನಾಲ್ಕು ಬ್ಯಾಟರಿಗಳು, ಅಂದರೆ ಸುಮಾರು 16 ಫಿರಂಗಿಗಳು ಒಬ್ಬ ಅಧಿಕಾರಿಯ ಆಜ್ಞೆಗೆ ಒಳಪಟ್ಟವು. ಮೇ ತಿಂಗಳ ಚಾನ್ಸಲರ್ಸ್‌ವಿಲ್ ಕದನದಲ್ಲಿ ಹೇಝಲ್ ಗ್ರೋವ್ ಎಂಬ ಎತ್ತರದ ಬಯಲಿನಲ್ಲಿ ಹಲವು ಬ್ಯಾಟರಿಗಳು ಒಂದುಗೂಡಿ ಗುಂಡು ಹಾರಿಸಿದುದು ಇದರ ಮೊದಲ ದೊಡ್ಡ ಸಾಫಲ್ಯ. ಅನಂತರ ಸಾಮಾನ್ಯ ಮೀಸಲು ಪಡೆಯನ್ನು ರದ್ದುಗೊಳಿಸಿ, ಮೂರು ಸೇನಾ ಕೋರ್‌ಗಳಿಗೆ ತಲಾ ಐದು ಬೆಟಾಲಿಯನ್‌ಗಳನ್ನು ನೀಡಲಾಯಿತು.

ಫಿರಂಗಿಗಳ ಉತ್ಪಾದನೆ

ರಿಚ್‌ಮಂಡ್‌ನ ಜೇಮ್ಸ್ ನದೀತೀರದಲ್ಲಿದ್ದ ಟ್ರೆಡಿಗರ್ ಕಬ್ಬಿಣದ ಕಾರ್ಖಾನೆ ಯುದ್ಧಕಾಲದಲ್ಲಿ ಸುಮಾರು 1,100 ಫಿರಂಗಿಗಳನ್ನು ತಯಾರಿಸಿತು. ಇದರ ಒಡೆಯ ಜೋಸೆಫ್ ರೀಡ್ ಆಂಡರ್ಸನ್. ಕುಶಲ ಕೆಲಸಗಳನ್ನು ಗುಲಾಮರಿಗೆ ಕಲಿಸುವುದನ್ನು ವಿರೋಧಿಸಿ 1847ರಲ್ಲಿ ಬಿಳಿಯ ಕೆಲಸಗಾರರು ಮುಷ್ಕರ ಹೂಡಿದಾಗ, ಆಂಡರ್ಸನ್‌ನು ಅವರನ್ನು ಕೆಲಸದಿಂದ ತೆಗೆದು ಗುಲಾಮರ ದುಡಿಮೆಯನ್ನು ವಿಸ್ತರಿಸಿದ್ದನು. ಯುದ್ಧಕಾಲದಲ್ಲಿ ಬಿಳಿಯ ಕೆಲಸಗಾರರು ಸೇನೆಗೆ ಸೇರಿದಂತೆಲ್ಲ ಈ ಅವಲಂಬನೆ ಹೆಚ್ಚಿತು. ಕಾರ್ಖಾನೆಗೆ ಕಚ್ಚಾ ಕಬ್ಬಿಣ ಒದಗಿಸುತ್ತಿದ್ದ ಬೆಟ್ಟಸೀಮೆಯ ಕುಲುಮೆಗಳಲ್ಲಿ ಮರ ಕಡಿಯುವುದು, ಇದ್ದಿಲು ಸುಡುವುದು, ಅದಿರು ಅಗೆಯುವುದು ಮುಂತಾದ ಕಷ್ಟದ ಕೆಲಸಗಳನ್ನು ಮಾಡಿದವರಲ್ಲಿ ಬಹುಪಾಲು ಗುಲಾಮರೇ. ತಮ್ಮ ಬಂಧನವನ್ನು ಉಳಿಸಲು ಹೋರಾಡುತ್ತಿದ್ದ ಸೇನೆಗೆ ಅವರೇ ಬಲವಂತದಿಂದ ಆಯುಧ ಸಿದ್ಧಪಡಿಸಬೇಕಾಯಿತು.

ಕಚ್ಚಾ ಕಬ್ಬಿಣವು ಸಾಕಷ್ಟು ದೊರೆಯದ ಕಾರಣ ಕಾರ್ಖಾನೆಯು ತನ್ನ ಪೂರ್ಣ ಸಾಮರ್ಥ್ಯಕ್ಕಿಂತ ಬಹಳ ಕಡಿಮೆ ಮಟ್ಟದಲ್ಲಿ ನಡೆಯಿತು. 1863ರ ಮೇ ತಿಂಗಳಲ್ಲಿ ಬೆಂಕಿ ಬಿದ್ದು ಅದರ ಕೆಲವು ಭಾಗಗಳು ನಷ್ಟವಾದವು.

ಯುದ್ಧದಲ್ಲಿ ಹೆಚ್ಚು ಮೆಚ್ಚುಗೆ ಗಳಿಸಿದ ಫಿರಂಗಿ ‘ನೆಪೋಲಿಯನ್’ ಎಂಬ ಕಂಚಿನ 12 ಪೌಂಡರ್. ಹಳೆಯ 6 ಪೌಂಡರ್‌ಗಳು ಇದರ ಮುಂದೆ ನಿಲ್ಲಲಾರದಾದಾಗ, ಅವುಗಳನ್ನು ಕರಗಿಸಿ ನೆಪೋಲಿಯನ್ ಫಿರಂಗಿಗಳನ್ನು ಎರಕ ಹೊಯ್ಯಬೇಕೆಂದು 1862ರ ಡಿಸೆಂಬರ್‌ನಲ್ಲಿ ಲೀ ಸರ್ಕಾರಕ್ಕೆ ಸಲಹೆ ನೀಡಿದನು. ಕಂಚಿಗೆ ತಾಮ್ರ ಬೇಕು. ದಕ್ಷಿಣದ ಮುಖ್ಯ ತಾಮ್ರದ ಗಣಿಗಳು ಟೆನೆಸಿಯ ಡಕ್‌ಟೌನ್‌ನಲ್ಲಿದ್ದವು. 1863ರ ಕೊನೆಯಲ್ಲಿ ಅವು ಕೈತಪ್ಪಿದವು. ಬಂದೂಕಿನ ಕ್ಯಾಪ್‌ಗಳಿಗೂ ತಾಮ್ರವೇ ಬೇಕಾದ್ದರಿಂದ ಉತ್ತರ ಕೆರೊಲಿನಾದ ಟರ್ಪೆಂಟೈನ್ ಮತ್ತು ಬ್ರಾಂದಿ ಭಟ್ಟಿಗಳ ಹಂಡೆಗಳನ್ನು ಸಂಗ್ರಹಿಸಲಾಯಿತು. ಫಿರಂಗಿಗಳ ಪಾಲಿಗೆ ತಾಮ್ರ ಉಳಿಯಲಿಲ್ಲ. ಟ್ರೆಡಿಗರ್ ಆಗ ಬೀಡುಕಬ್ಬಿಣದ ನೆಪೋಲಿಯನ್‌ಗಳನ್ನು ತಯಾರಿಸಿ, ಅವು ಸಿಡಿಯದಂತೆ ಹಿಂಭಾಗಕ್ಕೆ ಕಬ್ಬಿಣದ ಪಟ್ಟಿ ತೊಡಿಸಿತು.

ಶತ್ರುವಿನಿಂದ ವಶಪಡಿಸಿಕೊಂಡ ಫಿರಂಗಿಗಳೂ ದೊಡ್ಡ ಆಸರೆಯಾಗಿದ್ದವು. 1862ರ ಸೆಪ್ಟೆಂಬರ್‌ನಲ್ಲಿ ಹಾರ್ಪರ್ಸ್ ಫೆರಿಯೊಂದರಲ್ಲೇ 73 ಫಿರಂಗಿಗಳು ದೊರೆತವು.

ಸಿಡಿಮದ್ದು ಮತ್ತು ಫ್ಯೂಸುಗಳು

ಸಿಡಿಮದ್ದಿಗೆ ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲು ಅಗತ್ಯ. ಆ ಕಾಲದಲ್ಲಿ ಪೆಟ್ಲುಪ್ಪಿನ ಮುಖ್ಯ ಮೂಲ ಭಾರತದ ಬಿಹಾರ ಪ್ರದೇಶವಾಗಿದ್ದು, ಅದು ಬ್ರಿಟನ್ ಮೂಲಕ ಮಾರಾಟವಾಗುತ್ತಿತ್ತು. ಯೂನಿಯನ್ ಸರ್ಕಾರವು 1861ರ ಕೊನೆಯಲ್ಲಿ ಲ್ಯಾಮಟ್ ಡು ಪಾಂಟ್ ಎಂಬಾತನನ್ನು ಇಂಗ್ಲೆಂಡಿಗೆ ಕಳುಹಿಸಿ ಅದನ್ನು ಭಾರಿ ಪ್ರಮಾಣದಲ್ಲಿ ಖರೀದಿಸಿತು. ಕರಾವಳಿಗೆ ದಿಗ್ಬಂಧನ ಬಿದ್ದಿದ್ದ ಕಾನ್ಫೆಡರಸಿಯು ಕಳ್ಳದಾರಿಯ ಹಡಗುಗಳನ್ನೂ ಅಪಲಾಚಿಯನ್ ಬೆಟ್ಟಗಳ ಗುಹೆಗಳ ಮಣ್ಣನ್ನೂ ನೆಚ್ಚಬೇಕಾಯಿತು. ಸಿಡಿಮದ್ದಿನ ಬಹುಭಾಗವು ಜಾರ್ಜಿಯಾದ ಆಗಸ್ಟಾ ಕಾರ್ಖಾನೆಯಲ್ಲಿ ತಯಾರಾಗಿ, ರೈಲಿನ ಮೂಲಕ ರಿಚ್‌ಮಂಡ್‌ಗೆ ಬರುತ್ತಿತ್ತು.

ಗುಂಡುಗಳಿಗೆ ಮದ್ದು ತುಂಬುವ ಮತ್ತು ಫಿರಂಗಿಗೆ ಕಿಡಿ ಹೊತ್ತಿಸುವ ಘರ್ಷಣ ಪ್ರೈಮರ್‌ಗಳನ್ನು ತಯಾರಿಸುವ ಕೆಲಸ ನಡೆಯುತ್ತಿದ್ದುದು ಜೇಮ್ಸ್ ನದಿಯ ಬ್ರೌನ್ಸ್ ದ್ವೀಪದ ಪ್ರಯೋಗಾಲಯದಲ್ಲಿ. ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಬಡ ಕುಟುಂಬಗಳ ಮಹಿಳೆಯರು ಮತ್ತು ಬಾಲಕಿಯರು. 1863ರ ಮಾರ್ಚ್ 13ರಂದು ಪ್ರೈಮರ್ ಒಂದು ಆಕಸ್ಮಿಕವಾಗಿ ಹೊತ್ತಿಕೊಂಡು ಸಂಭವಿಸಿದ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಬಹಳಷ್ಟು ಮಂದಿ ಹದಿಹರೆಯದ ಹುಡುಗಿಯರಾಗಿದ್ದರು. ಬೇರೆ ಜೀವನೋಪಾಯವಿಲ್ಲದ ಕುಟುಂಬಗಳು ಮತ್ತೆ ಅಲ್ಲಿಗೇ ಕೆಲಸಕ್ಕೆ ಬಂದವು. ಉತ್ಪಾದನೆಯು ಬೇಗನೆ ಪುನರಾರಂಭವಾಯಿತು.

ಕಾನ್ಫೆಡರೇಟ್ ಫ್ಯೂಸುಗಳು ನಂಬಿಕೆಗೆ ಅರ್ಹವಾಗಿರಲಿಲ್ಲ. ಗುಂಡುಗಳು ಫಿರಂಗಿಯ ಬಾಯಿಯಲ್ಲೇ ಸಿಡಿಯುವುದು, ಇಲ್ಲವೆ ಸಿಡಿಯದೆಯೇ ಬೀಳುವುದು ಸಾಮಾನ್ಯವಾಗಿತ್ತು. ತಮ್ಮ ತಲೆಯ ಮೇಲಿಂದ ಗುಂಡು ಹಾರಿಸುವುದನ್ನು ಸ್ವಪಕ್ಷದ ಕಾಲಾಳುಗಳೇ ಆಕ್ಷೇಪಿಸುತ್ತಿದ್ದರು. 1863ರ ಜುಲೈ 3ರಂದು ಗೆಟಿಸ್‌ಬರ್ಗ್‌ನಲ್ಲಿ ಸುಮಾರು 150 ಫಿರಂಗಿಗಳಿಂದ ನಡೆದ ದಾಳಿಯಲ್ಲಿ ಬಹಳಷ್ಟು ಗುಂಡುಗಳು ಗುರಿಯನ್ನು ದಾಟಿ ಹೋದವು. ಬ್ರೌನ್ಸ್ ದ್ವೀಪದ ದುರಂತದ ಬಳಿಕ ಬೇರೆ ಕೇಂದ್ರಗಳಿಂದ ತಂದ ಫ್ಯೂಸುಗಳು ನಿಧಾನವಾಗಿ ಉರಿಯುತ್ತಿದ್ದುದು ಇದಕ್ಕೆ ಒಂದು ಕಾರಣವೆಂದು ಕೆಲವು ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ. ಹೊಗೆ ಕವಿದು ಗುರಿ ಕಾಣದಿದ್ದುದು ಇನ್ನೊಂದು ಕಾರಣ.

ಒಂದು ನೆಪೋಲಿಯನ್ ಫಿರಂಗಿಯ ಜೊತೆಗೆ 32 ಗುಂಡುಗಳ ನಾಲ್ಕು ಪೆಟ್ಟಿಗೆಗಳು, ಅಂದರೆ 128 ಗುಂಡುಗಳು ಸಾಗುತ್ತಿದ್ದವು. ಉಳಿದ ದಾಸ್ತಾನು ಹಿಂದೆ ಬರುವ ಬಂಡಿಗಳಲ್ಲಿರುತ್ತಿತ್ತು. ಗೆಟಿಸ್‌ಬರ್ಗ್‌ನಲ್ಲಿ ಫಿರಂಗಿ ದಾಳಿಯು ಮುಗಿಯುವಷ್ಟರಲ್ಲಿ ಪೆಟ್ಟಿಗೆಗಳು ಬರಿದಾಗುತ್ತ ಬಂದು, ಮುನ್ನುಗ್ಗಿದ ಕಾಲಾಳುಗಳಿಗೆ ಬೆಂಬಲ ನೀಡಲು ಸಾಕಷ್ಟು ಮದ್ದುಗುಂಡು ಉಳಿದಿರಲಿಲ್ಲ.

ಕುದುರೆ ಮತ್ತು ಮೇವು

ಒಂದು ಫಿರಂಗಿಯನ್ನು ಎಳೆಯಲು ಆರು, ಅದರ ಮದ್ದುಗುಂಡಿನ ಗಾಡಿಯನ್ನು ಎಳೆಯಲು ಇನ್ನಾರು ಕುದುರೆಗಳು ಬೇಕಿದ್ದವು. ನಾಲ್ಕು ಫಿರಂಗಿಗಳಿಗೆ 48. ಕಮ್ಮಾರನ ಕುಲುಮೆಗಾಡಿ, ಅಧಿಕಾರಿಗಳ ಸವಾರಿ ಮತ್ತು ಬದಲಿ ಕುದುರೆಗಳನ್ನು ಸೇರಿಸಿದರೆ ಒಂದು ಬ್ಯಾಟರಿಗೆ 70ರಷ್ಟು ಕುದುರೆಗಳಾಗುತ್ತಿದ್ದವು. ಸೇನಾ ನಿಯಮದಂತೆ ಒಂದು ಕುದುರೆಗೆ ದಿನಕ್ಕೆ 14 ಪೌಂಡ್ ಹುಲ್ಲು ಮತ್ತು 12 ಪೌಂಡ್ ಧಾನ್ಯ. ಈ ಲೆಕ್ಕದಲ್ಲಿ ಒಂದು ಬ್ಯಾಟರಿಗೆ ದಿನಕ್ಕೆ ಸುಮಾರು 800 ಕಿಲೋಗ್ರಾಂ ಮೇವು ಬೇಕಾಗುತ್ತಿತ್ತು.

ಎರಡೂ ಸೇನೆಗಳು ವರ್ಷಗಟ್ಟಲೆ ಬೀಡುಬಿಟ್ಟ ಉತ್ತರ ವರ್ಜೀನಿಯಾದ ಹೊಲಗಳು ಬರಿದಾಗಿದ್ದವು. ಒಂಟಿ ಹಳಿಯ ಸವೆದ ರೈಲುಮಾರ್ಗಗಳು ಸೈನಿಕರ ಆಹಾರವನ್ನು ತರುವುದರಲ್ಲೇ ಸೋಲುತ್ತಿದ್ದವು. ಆದ್ದರಿಂದ ಚಳಿಗಾಲದಲ್ಲಿ ಬ್ಯಾಟರಿಗಳನ್ನು ಮೇವು ಸಿಗುವ ದೂರದ ಜಿಲ್ಲೆಗಳಿಗೆ ಕಳುಹಿಸಲಾಗುತ್ತಿತ್ತು. ಶತ್ರು ಅನಿರೀಕ್ಷಿತವಾಗಿ ಚಲಿಸಿದರೆ ಅವು ಸಮಯಕ್ಕೆ ಸರಿಯಾಗಿ ಮರಳುವುದೇ ಕಠಿಣವಾಗಿತ್ತು. ಕೊನೆಯ ಎರಡು ವರ್ಷಗಳಲ್ಲಿ ಆರರ ಬದಲು ನಾಲ್ಕೇ ಕುದುರೆಗಳು ಎಳೆಯುವುದೂ ಉಂಟಾಯಿತು.

ಅಂತ್ಯ

ರಿಚ್‌ಮಂಡ್ ಶಸ್ತ್ರಾಗಾರವು 1861ರ ಜುಲೈನಿಂದ 1865ರ ಆರಂಭದವರೆಗೆ ವಶಪಡಿಸಿಕೊಂಡವೂ ಸೇರಿ ಸುಮಾರು 1,300 ರಣಭೂಮಿ ಫಿರಂಗಿಗಳನ್ನು, 9.2 ಲಕ್ಷ ಫಿರಂಗಿ ಗುಂಡುಗಳನ್ನು ಮತ್ತು 14.5 ಲಕ್ಷ ಪ್ರೈಮರ್‌ಗಳನ್ನು ವಿತರಿಸಿತು. 1864ರ ಜೂನ್‌ನಿಂದ ನಡೆದ ಪೀಟರ್ಸ್‌ಬರ್ಗ್ ಮುತ್ತಿಗೆಯಲ್ಲಿ ಕಂದಕಗಳ ಯುದ್ಧಕ್ಕಾಗಿ ಚಿಕ್ಕ ಮಾರ್ಟರ್‌ಗಳನ್ನೂ ಅಲ್ಲಿ ತಯಾರಿಸಲಾಯಿತು.

1865ರ ಏಪ್ರಿಲ್ 2ರ ರಾತ್ರಿ ಸರ್ಕಾರವು ರಿಚ್‌ಮಂಡ್ ತೊರೆದಾಗ ಹಬ್ಬಿದ ಬೆಂಕಿಗೆ ಶಸ್ತ್ರಾಗಾರವು ಆಹುತಿಯಾಯಿತು. ದಾಸ್ತಾನಿನಲ್ಲಿದ್ದ ಗುಂಡುಗಳು ಗಂಟೆಗಟ್ಟಲೆ ಸಿಡಿದವು. ಟ್ರೆಡಿಗರ್ ಕಾರ್ಖಾನೆಯನ್ನು ಅದರ ಕೆಲಸಗಾರರ ಕಾವಲುಪಡೆ ಉಳಿಸಿಕೊಂಡಿತು. ಪಶ್ಚಿಮಕ್ಕೆ ಹಿಮ್ಮೆಟ್ಟಿದ ಸೇನೆಯ ಹೆಚ್ಚುವರಿ ಫಿರಂಗಿಗಳನ್ನು ವಾಕರ್‌ನ ಅಧೀನದಲ್ಲಿ ಮುಂದೆ ಕಳುಹಿಸಲಾಗಿತ್ತು. ಏಪ್ರಿಲ್ 8ರಂದು ಅಪೊಮಾಟಾಕ್ಸ್ ರೈಲು ನಿಲ್ದಾಣದ ಬಳಿ ಕಸ್ಟರ್‌ನ ಅಶ್ವದಳವು ಅವುಗಳಲ್ಲಿ ಹಲವನ್ನು ವಶಪಡಿಸಿಕೊಂಡಿತು. ಮರುದಿನ ಲೀ ಶರಣಾದನು.

ಮೌಲ್ಯಮಾಪನ

ಏನೂ ಇಲ್ಲದ ಸ್ಥಿತಿಯಿಂದ ಆರಂಭಿಸಿದ ಗಾರ್ಗಾಸ್‌ನ ಇಲಾಖೆಯನ್ನು ಕಾನ್ಫೆಡರಸಿಯ ಅತ್ಯಂತ ಸಮರ್ಥ ಇಲಾಖೆಗಳಲ್ಲಿ ಒಂದೆಂದು ಇತಿಹಾಸಕಾರರು ಪರಿಗಣಿಸುತ್ತಾರೆ. ಲೀಯ ಸೇನೆ ಶರಣಾದಾಗಲೂ ಅದರ ಬಳಿ ಫಿರಂಗಿಗಳಿದ್ದವು. ಇಲ್ಲದಿದ್ದುದು ಅವುಗಳನ್ನು ಎಳೆಯುವ ಶಕ್ತಿಯುಳ್ಳ ಕುದುರೆ ಮತ್ತು ಸೈನಿಕರ ಹೊಟ್ಟೆಗೆ ಅನ್ನ. ಈ ಸಾಧನೆಯ ಲೆಕ್ಕದಲ್ಲಿ ಗುಲಾಮರ ದುಡಿಮೆಯನ್ನೂ ಬ್ರೌನ್ಸ್ ದ್ವೀಪದ ಬಾಲಕಿಯರನ್ನೂ ಸೇರಿಸಿ ನೋಡುವುದು ಇತ್ತೀಚಿನ ಅಧ್ಯಯನಗಳ ದೃಷ್ಟಿಯಾಗಿದೆ.

ಮ್ಯಾಥ್ಯೂ, ಮಾರ್ಕ್, ಲೂಕ್ ಮತ್ತು ಜಾನ್ ಫಿರಂಗಿಗಳು ಇಂದಿಗೂ ಲೆಕ್ಸಿಂಗ್ಟನ್‌ನ ವರ್ಜೀನಿಯಾ ಮಿಲಿಟರಿ ಇನ್‌ಸ್ಟಿಟ್ಯೂಟ್ ಆವರಣದಲ್ಲಿವೆ. ಟ್ರೆಡಿಗರ್ ಕಾರ್ಖಾನೆಯ ಕಟ್ಟಡಗಳಲ್ಲಿ ಅಂತರ್ಯುದ್ಧದ ವಸ್ತುಸಂಗ್ರಹಾಲಯವಿದೆ.

ಇವನ್ನೂ ನೋಡಿ

• ಅಮೆರಿಕದ ಅಂತರ್ಯುದ್ಧ
• ರಾಬರ್ಟ್ ಇ. ಲೀ
• ಗೆಟಿಸ್‌ಬರ್ಗ್ ಕದನ
• ಅಮೆರಿಕದಲ್ಲಿ ಗುಲಾಮಗಿರಿ