ಆನೇಕಲ್‌ನ ‘ಪ್ರಾಚೀನ ವಿಮಾನ’ ಎಷ್ಟು ಹಳೆಯದು?

ಎಲೆಕ್ಟ್ರಾನಿಕ್ ಸಿಟಿ ದಾಟಿ ಹೊಸೂರು ರಸ್ತೆಯಲ್ಲಿ ಸಾಗಿ ಚಂದಾಪುರದಲ್ಲಿ ತಿರುಗಿದರೆ ಸಿಗುವ ಊರು ಆನೇಕಲ್. ಸಾವಿರಾರು ವರ್ಷಗಳ ಹಿಂದೆಯೇ ಭಾರತದಲ್ಲಿ ವಿಮಾನಗಳು ಹಾರುತ್ತಿದ್ದವು ಎಂಬ ವಾದಕ್ಕೆ ಆಧಾರವಾಗಿ ಪದೇ ಪದೇ ಉಲ್ಲೇಖಗೊಳ್ಳುವ ‘ವೈಮಾನಿಕ ಶಾಸ್ತ್ರ’ದ ಕಥೆ ಈ ಊರಿನೊಂದಿಗೆ ಬೆಸೆದುಕೊಂಡಿದೆ.

ಆನೇಕಲ್‌ನಲ್ಲಿ ನೆಲೆಸಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ಅವಧಿಯಲ್ಲಿ ಈ ಸಂಸ್ಕೃತ ಶ್ಲೋಕಗಳನ್ನು ಹೇಳಿ ಬರೆಸಿದರು. ಬರೆದುಕೊಂಡವರು ಜಿ. ವೆಂಕಟಾಚಲ ಶರ್ಮ. ಇದು ಭರದ್ವಾಜ ಮಹರ್ಷಿಯ ರಚನೆ, ತಮಗೆ ಅಂತಃಸ್ಫುರಣೆಯಿಂದ ದೊರೆತದ್ದು ಎಂಬುದು ಶಾಸ್ತ್ರಿಗಳ ಹೇಳಿಕೆ. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ನಕ್ಷೆಗಳನ್ನು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದ ನಕ್ಷೆಗಾರ ಟಿ.ಕೆ. ಎಲ್ಲಪ್ಪ ರಚಿಸಿದರು. 1973ರಲ್ಲಿ ಮೈಸೂರಿನ ಜಿ.ಆರ್. ಜೋಸ್ಯರ್ ಅವರ ಇಂಗ್ಲಿಷ್ ಅನುವಾದ ಪ್ರಕಟವಾದ ಬಳಿಕ ಕೃತಿಯ ಹೆಸರು ಹೊರದೇಶಗಳಿಗೂ ಹಬ್ಬಿತು.

ಮರುವರ್ಷವೇ, ಅಂದರೆ 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು ಕೃತಿಯನ್ನು ಪರಿಶೀಲಿಸಿ ಲೇಖನ ಪ್ರಕಟಿಸಿದರು. ಅವರು ಭಾಷೆ ಹಾಗೂ ತಾಂತ್ರಿಕತೆ ಎರಡನ್ನೂ ಒರೆಗೆ ಹಚ್ಚಿದರು. ಸಂಸ್ಕೃತ ವೇದಕಾಲದ್ದಲ್ಲ, ಆಧುನಿಕವಾದುದು. ಕೃತಿ 1904ಕ್ಕಿಂತ ಹಿಂದಿನದಾಗಿರಲಾರದು ಎಂಬುದು ಅವರ ತೀರ್ಮಾನ. ನಕ್ಷೆಗಳಿಗೂ ಶ್ಲೋಕಗಳಿಗೂ ತಾಳೆಯಾಗುವುದಿಲ್ಲ. ನಕ್ಷೆಗಳಲ್ಲಿ ಕಾಣುವ ಆಧುನಿಕ ಯಂತ್ರಜ್ಞಾನಕ್ಕೆ ಎಲ್ಲಪ್ಪನವರ ಕಾಲೇಜಿನ ಒಡನಾಟವೇ ಕಾರಣವಾಗಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕರಲ್ಲಿ ಒಂದೂ ಹಾರಲು ಶಕ್ತವಲ್ಲ.

ಆದರೂ ನಂಬಿಕೆ ಅಳಿಯಲಿಲ್ಲ. 2015ರ ಜನವರಿಯಲ್ಲಿ ಮುಂಬೈನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಾಚೀನ ವಿಮಾನಗಳ ಕುರಿತು ಪ್ರಬಂಧ ಮಂಡನೆಯಾಗಿ, ವಿಜ್ಞಾನಿಗಳ ತೀವ್ರ ಆಕ್ಷೇಪಕ್ಕೆ ಗುರಿಯಾಯಿತು.

ಕಾಲಕ್ಕಿಂತ ಮುಂದಿದ್ದ ತಂತ್ರಜ್ಞಾನ ಈ ನೆಲದಲ್ಲಿ ಇರಲೇ ಇಲ್ಲವೆಂದು ಇದರ ಅರ್ಥವಲ್ಲ. ಅದು ಇದ್ದಲ್ಲಿ ಕುರುಹು ಉಳಿದಿದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇನೆ 18ನೇ ಶತಮಾನದಲ್ಲಿ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ಬಳಸಿತ್ತು. ಬ್ರಿಟನ್‌ನ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್‌ಗಳಿಗೆ ಅವೇ ಪ್ರೇರಣೆ. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದರಿಂದ ಅಂತಹ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ಪುರಾತತ್ತ್ವ ಇಲಾಖೆ ಹೊರತೆಗೆಯಿತು. ಅವುಗಳನ್ನು ಕೈಯಲ್ಲಿ ಹಿಡಿದು, ತೂಗಿ, ಅಳೆಯಬಹುದು. ‘ವೈಮಾನಿಕ ಶಾಸ್ತ್ರ’ದ ವಿಮಾನಗಳದ್ದು ಮಾತ್ರ ಒಂದು ತುಂಡು ಲೋಹವೂ ಎಲ್ಲಿಯೂ ದೊರೆತಿಲ್ಲ.